ನಾ ಮಾಡದ ಸಂದರ್ಶನ

ಕಿಟಕಿ ಗಾಜಿನ ಕೆಂಪು ಧೂಳಿನಾಗ ಯಾರೋ ಬೆರಳಿಲೆ ಹೆಸರು ಬರಿಯಾಕ ಹೋಗಿ ಅರ್ಧಕ್ಕ ಬಿಟ್ಟಾರ, ಬಸ್ಸು ಹೊಸಪೇಟೆ ದಾಟಿ ಹತ್ತು ನಿಮಿಷ ಆಗಿರಬೇಕು, ಗಾದಿಗನೂರು ಬಂದ್ರ ಹೇಳ್ರಿ ಅಂತ ಕಂಡಕ್ಟರಗ ಎರಡು ಸಲ ಹೇಳೀನಿ, ಆತು ಕುಂದ್ರಿ ಮೇಡಂ, ಮೇಡಂ ಅಂತ ಅವನೂ ಅಂತಾನ, ಡಾಕ್ಟರ್ ಚಂದ್ರಕಲಾ, ಅತಿಥಿ ಉಪನ್ಯಾಸಕಿ, ಕನ್ನಡ ವಿಭಾಗ — ತೊಡಿ ಮ್ಯಾಲ ನನ್ನ ಪುಸ್ತಕ, ಡಬ್ಬ ಹಾಕಿದ್ರ ಹಿಂದಿನ ಪುಟ ಕಾಣ್ತದ, ತಿರುವಿ ಇಟ್ಟೆ, ಈಗ ನನ್ನ ಹೆಸರು ಕಾಣ್ತದ, ಅದೂ ಬ್ಯಾಡ, ಅದರ ಮ್ಯಾಲ ವ್ಯಾನಿಟಿ ಬ್ಯಾಗ್ ಇಟ್ಟೆ. ಯಲ್ಲೇಶರ ಭಯಾನಕ ಕಾದಂಬರಿಗಳು: ಒಂದು ವಿಮರ್ಶಾತ್ಮಕ ಅಧ್ಯಯನ. ಸಂಡೂರಿನ ಗಣಿಯಾಗ ಡಂಪರ್ ಓಡಿಸ್ತಾನ ಯಲ್ಲೇಶ, ಪಾಳಿ ಮುಗಿಸಿ ಬಂದು ಮೊಬೈಲಿನಾಗ ಬರದು ಬರದು ಐದು ದೆವ್ವದ ಕಾದಂಬರಿ ಮುಗಿಸ್ಯಾನ, ಅವನ ಮ್ಯಾಲ ಪಿಎಚ್‌ಡಿ ಮಾಡಿದಾಕಿ ನಾನೊಬ್ಬಾಕಿ, ಗೈಡ್ ವಾದಿರಾಜ ಸರ್ ಮೊದಲು ನಕ್ಕಿದ್ರು, ದೆವ್ವದ ಮ್ಯಾಲ ಏನಮ್ಮ ಸಂಶೋಧನೆ ಅಂತ, ದೆವ್ವ ಅಂದ್ರ ಗಣಿ ಬಂಡವಾಳದ ರೂಪಕ ಸರ್ ಅಂದೆ, ಹಂಗಾದ್ರ ನಡೀತದ ಅಂದ್ರು. ರೂಪಕ. ಐದೂ ಕಾದಂಬರಿಯೊಳಗ ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಬರ್ತಾನ, ಮೂಗು ಬಾಯಿ ತುಂಬ ಅದಿರಿನ ಪುಡಿ, ಡಂಪರಿನ ಬಾಗಿಲು ಬಡದು ನನ್ನ ಡಬ್ಬಿ ಎಲ್ಲೈತಿ ಅಂತ ಕೇಳ್ತಾನ, ಅವನ ಮ್ಯಾಲ ನಲವತ್ತು ಪುಟ ಬರದೆ ನಾನು, ಅವನು ಯಲ್ಲೇಶನ ಖಾಸ ತಮ್ಮ ಮೂಕಣ್ಣ, ಅದಿರಿನ ಗುಡ್ಡಿ ನೆರಳಿಗೆ ಬುತ್ತಿ ಡಬ್ಬಿ ಬಿಚ್ಚಾಕ ಕುಂತಾಗ ಗುಡ್ಡಿ ಜಾರಿ ಮುಚ್ಚಿಹೋದ, ಇಪ್ಪತ್ನಾಕು ವರ್ಷ ಅವಂಗ, ಅದು ಮಾತ್ರ ಅಡಿಟಿಪ್ಪಣಿಯೊಳಗ ಒಂದೇ ಸಾಲು.

ಬದುಕಿರೋ ಲೇಖಕನ ಮ್ಯಾಲ ಥೀಸಿಸ್ ಅಂದ್ರ ಕಡೀಕ ಅನುಬಂಧದಾಗ ಒಂದು ಸಂದರ್ಶನ ಇರಲೇಬೇಕು, ಎಲ್ಲಾರೂ ಹಾಕ್ತಾರ, ಯಾರೂ ಓದೂದಿಲ್ಲ, ಯಾರೂ ಓದೂದಿಲ್ಲ ಅಂತ ತಾನ ನಾನು — ಎರಡು ಸಲ ಫೋನ್ ಮಾಡಿದ್ದೆ, ಐತವಾರ ಬರ್ರಿ ಮೇಡಂ, ಅವ್ವಗ ರೊಟ್ಟಿ ಬಡಿಯಾಕ ಹೇಳ್ತೀನಿ ಅಂದಿದ್ದ, ಸಂಡೂರೇನು ಅಮೆರಿಕಾನ, ಒಂದು ತಾಸಿನ ದಾರಿ, ಮೊದಲ ಐತವಾರ ಬಿಸಿಲು ಭಾಳ ಅಂತ ಬಿಟ್ಟೆ, ಎರಡನೇ ಐತವಾರ ತಲಿ ತೊಳಕೊಂಡೀನಿ ಅಂತ ಬಿಟ್ಟೆ, ಹೇಸಿಗಿ, ತಲಿ ತೊಳಕೊಂಡೀನಿ ಅಂತ, ಸೋಮವಾರ ಸಲ್ಲಿಸಬೇಕಾಗಿತ್ತು. ಹನ್ನೆರಡು ಪ್ರಶ್ನೆ, ಹನ್ನೆರಡು ಉತ್ತರ, ಎರಡೂ ನನ್ನವ. ಏಳನೇ ಪ್ರಶ್ನೆ, ತಮ್ಮನ ಸಾವು ನಿಮ್ಮ ಬರವಣಿಗೆಗೆ ಏನು ಕೊಟ್ಟಿತು, ಉತ್ತರ, ನನ್ನ ತಮ್ಮ ಸತ್ತಿದ್ದು ನನಗೆ ವರವಾಯಿತು, ಅವನು ಸಾಯದಿದ್ದರೆ ನಾನು ಲೇಖಕನಾಗುತ್ತಿರಲಿಲ್ಲ. ಬರದಾಗ ಎಷ್ಟು ಖುಷಿ ಆಗಿತ್ತು, ಎದ್ದು ಚಹಾ ಮಾಡಿಕೊಂಡು ಕುಡದೆ, ಎಂಥಾ ಸಾಲು ಬಂತಲ್ಲ ಅಂತ ನನ್ನ ಬೆನ್ನು ನಾನ ಚಪ್ಪರಿಸಿಕೊಂಡೆ, ಸರ್ ಕೆಂಪು ಪೆನ್ನಿಲೆ ಗೆರಿ ಎಳದು ಮಾರ್ಮಿಕ ಅಂತ ಬರದ್ರು, ಥೀಸಿಸ್ ಪುಸ್ತಕ ಆಗೋ ಮುಂದ ಪ್ರಕಾಶಕರು ಅದನ್ನೇ ಎತ್ತಿ ಹಿಂದಿನ ರಕ್ಷಾಪುಟಕ್ಕ ಹಾಕಿದ್ರು, ಯಲ್ಲೇಶನ ಫೋಟೋ ಕೆಳಗ. ಕಮಲಾಪುರದಾಗ ಬಿಡುಗಡೆ, ಶಾಲು ಹೊದ್ದು ಬೆವರಿಕೊಂತ ಕುಂತಿದ್ದ, ಪುಸ್ತಕದ ಮುಂದಿನ ಮಗ್ಗಲ ಕ್ಯಾಮೆರಾಕ್ಕ ಹಿಡದು ನಕ್ಕ, ಒಳಗ ತೆರೆದು ನೋಡಲಿಲ್ಲ, ಮನಿಗೆ ಒಯ್ದು ನೇರ ಅವ್ವನ ಕೈಯಾಗ ಇಟ್ಟ. ದ್ಯಾಮಕ್ಕಗ ಓದು ಬರಂಗಿಲ್ಲ, ಅಂಗಡಿ ಲಿಂಗರಾಜನ ಕಡೆ ಒಯ್ದು ನನ್ನ ಮಗನ ಬಗ್ಗೆ ಏನು ಬರದಾರ ಓದಪಾ ಅಂದ್ಲಂತ, ಅವನು ನಾಕು ಮಂದಿ ಮುಂದ ಹಿಂದಿನ ಪುಟ ಜೋರಾಗಿ ಓದಿದ, ಅವತ್ತೇ ಸೀರಿ ಗಂಟು ಕಟ್ಟಿಕೊಂಡು ಗಾದಿಗನೂರು ಮಗಳ ಮನಿಗೆ ಬಂದುಬಿಟ್ಟಾಳ, ಹದಿನೆಂಟು ದಿನ ಆತು, ಯಲ್ಲೇಶ ಹೋದ್ರ ಒಳಗಿಂದ ಚಿಲಕ ಹಾಕ್ಕೊಂತಾಳ. ಮೇಡಂ, ನಾ ಯಾವಾಗ ಅಂದೀನ್ರಿ ಇದು, ಫೋನಿನಾಗ, ಸಿಟ್ಟಿಲ್ಲ, ಬೈದಿದ್ರ ಛಲೋ ಇತ್ತು, ನಾ ಅಂದಿಲ್ಲವ್ವ ಅಂದ್ರ ನಂಬವಲ್ಲಳು, ಪುಸ್ತಕ ಹಂಗ ಇರಲಿ ಬಿಡ್ರಿ, ನಿಮ್ಮ ಡಿಗ್ರಿ ವಿಷ್ಯ, ಅವ್ವನ ಮುಂದ ನೀವು ಒಂದ್ ಮಾತು ಹೇಳಿದ್ರ ಸಾಕು. ಸಾಕಂತ ಅವಂಗ.

ಗಾದಿಗನೂರು ಇಳೀರಿ ಮೇಡಂ, ಇಳದೆ, ಲಾರಿ ಹೋತು, ಮೂಗು ಮುಚ್ಚಿಕೊಂಡೆ, ಪ್ರೆಸ್ಸಿನವರು ತಪ್ಪು ಮಾಡ್ಯಾರ ಅಂದ್ರಾತು, ಬ್ಯಾರೆ ಯಾರದೋ ಮಾತು ಇಲ್ಲಿ ಸೇರ್ಕೊಂಡದ ಅಂದ್ರಾತು, ಹಾದಿ ಉದ್ದಕ್ಕೂ ಅದನ್ನ ಬಾಯಿಪಾಠ ಮಾಡಿದೆ, ಥೂ, ಇಷ್ಟರ ಮ್ಯಾಲೂ — ಬರ್ರಿ, ಕುಂದ್ರಿ, ಯಲ್ಲೇಶನ ಅಕ್ಕ ಹುಲುಗಮ್ಮ ಚಾಪಿ ಹಾಸಿದ್ಲು, ಅವ್ವಾ, ಪುಸ್ತಕದ ಮೇಡಮ್ಮಾರು ಬಂದಾರ ನೋಡು. ಮೊರದ ತುಂಬ ಶೇಂಗಾ, ಸುಲಿಯೋ ಕೈ ನಿಲ್ಲಲಿಲ್ಲ, ತಲಿ ಎತ್ತಿದ್ಲು ದ್ಯಾಮಕ್ಕ, ಪ್ರೆಸ್ಸಿನವರು ಅನ್ನೋ ಬಾಯಿಪಾಠ ಅಲ್ಲೇ ಬಿಟ್ಟೆ, ಆ ಮಾತು ನಿಮ್ಮ ಮಗ ಅಂದಿಲ್ಲಮ್ಮ, ನಾ ಬರದೀನಿ, ಅವನ್ನ ಭೆಟ್ಟಿ ಆಗದೇ, ಮನ್ಯಾಗ ಕುಂತು ನಾನ ಕಟ್ಟಿ ಬರದೀನಿ, ಹೇಳಿಬಿಟ್ಟೆ, ಹೇಳಿದೆ ಹೌದಲ್ಲ, ಎದಿ ಹಗುರಾತು ಅಂದುಕೊಂಡೆ, ಎಷ್ಟು ಹೊತ್ತು, ಎರಡು ಶೇಂಗಾ ಸುಲಿಯೋ ಹೊತ್ತು. ನೀ ಕಾಲೇಜಿನಾಗ ಕಲಸೋ ಮೇಡಮ್ಮ ಹೌದಲ್ಲ. ಹೌದ್ರಿ. ಅಷ್ಟು ಓದಿದಾಕಿ ಅಚ್ಚು ಹಾಕ್ಸೋ ಪುಸ್ತಕದಾಗ ಸುಳ್ಳು ಬರೀತಿಯೇನವ್ವ. ಬರದೆರಿ, ಖರೇನ ಬರದೆ. ಇಲ್ಲವ್ವ ತಂಗಿ, ಅವ ನಿನ್ನ ಕಾಲು ಹಿಡದಿರಬೇಕು, ನಿನಗ ಕರುಳು ಚುರ್ ಅಂದೈತಿ, ನನ್ನ ಸಲುವಾಗಿ ಇಂಥಾ ಬಿಸಿಲಾಗ ಸುಳ್ಳು ಹೇಳಾಕ ಬಂದೀದಿ. ನಕ್ಕಳು, ನನ್ನ ಕೆನ್ನಿ ಸವರಿದ್ಲು, ಪುಣ್ಯವಂತಿ ಅಂದ್ಲು ನನಗ. ನೀರು ತರ್ತೀನಿ ತಡಿ ಅಂತ ಮೊಣಕಾಲು ಹಿಡಕೊಂಡು ಎದ್ದಳು, ನಾ ಚಾಪಿ ಮ್ಯಾಲ ಇಟ್ಟಿದ್ದ ಪುಸ್ತಕಕ್ಕ ಆಕಿ ಕಾಲು ತಾಕಿತು.

ಈಗ ಬಸ್ ಸ್ಟ್ಯಾಂಡಿನ ಕಲ್ಲಿನ ಮ್ಯಾಲ ಕುಂತೀನಿ, ಫೋನ್ ಬಡಕೊಳ್ಳಾಕತ್ತೈತಿ, ಯಲ್ಲೇಶ, ಎತ್ತಿದ್ರ ಅವ್ವ ಬರ್ತಾಳಂತೇನ್ರಿ ಅಂತ ಕೇಳ್ತಾನ, ಏನಂತ ಹೇಳಲಿ, ಬಾಯಿಲೆ ಹೇಳಿದ್ದು ಆಕಿ ನಂಬಂಗಿಲ್ಲ, ಅಚ್ಚಾಗಿ ಬಂದ್ರ ನಂಬ್ತಾಳ, ಪತ್ರಿಕೆಗೆ ಕೊಡಬೇಕು ನಾನು, ಸಂದರ್ಶನ ಸುಳ್ಳು ಅಂತ ನನ್ನ ಹೆಸರು ಹಾಕಿ, ವಿಶ್ವವಿದ್ಯಾಲಯಕ್ಕ ಬರೀಬೇಕು, ಡಾಕ್ಟರ್ ಹೋಗ್ತದ, ನೌಕರಿ ಹೋಗ್ತದ, ವಾದಿರಾಜ ಸರ್ ಮಖ ಹೆಂಗ ನೋಡಲಿ, ಲಿಂಗರಾಜ ಅದನ್ನೂ ಜೋರಾಗಿ ಓದ್ತಾನ, ನಾಳೆ ಬರೀತೀನಿ, ನಾಳೆ ಅಂತೀನಿ ನೋಡು, ಐತವಾರ ಅಂದಂಗ — ಫೋನ್ ನಿಂತು ಮತ್ತ ಶುರುವಾತು, ಎತ್ತವಲ್ಲೆ, ಕಣ್ಣ ಮುಂದ ಅದೇ, ಕಾಲು ತಾಕಿತು, ಅಯ್ಯ ತಪ್ಪಾತವ್ವ ಅಂದ್ಲು, ನನಗಲ್ಲ, ಪುಸ್ತಕಕ್ಕ, ಬಗ್ಗಿದ್ಲು, ಎರಡೂ ಕೈಲೆ ಎತ್ತಿದ್ಲು, ಸೆರಗಿಲೆ ಧೂಳು ಒರಸಿದ್ಲು, ಹಿಂದಿನ ಪುಟ ಆಕಿ ಕಡೆ ಇತ್ತು, ಆ ಸಾಲು ಆಕಿ ಕಡೆ ಇತ್ತು, ಕಣ್ಣು ಮುಚ್ಚಿ ಕಣ್ಣಿಗೊತ್ತಿಕೊಂಡ್ಲು, ಆ ಸಾಲನ್ನ, ಎಡಗಣ್ಣಿಗೆ, ಬಲಗಣ್ಣಿಗೆ, ಕಣ್ಣಿಗೊತ್ತಿಕೊಂಡ್ಲು —