ಹಿಂದಿನ ಎಡ ಕಿಟಕಿ

ಹಿಂದಿನ ಎಡ ಕಿಟಕಿಯ ತಂತಿ ಕತ್ತರಿಸಿದವನು ನನ್ನ ಅಣ್ಣ, ಕತ್ತರಿಸು ಎಂದವನು ಕಾರಿನ ಯಜಮಾನ. ಬಾಗಿಲಿನ ಒಳಹಲಗೆ ಬಿಚ್ಚಿದ ಮೇಲೆ ಕಂಡದ್ದು ಇದು, ಎರಡು ತುಂಡು ತಂತಿ, ತುದಿಗೆ ಕರಿ ಟೇಪು, ಟೇಪಿನ ಅಂಟು ಬಿಸಿಲಿಗೆ ಕರಗಿ ಜೋತುಬಿದ್ದಿದೆ, ಬೋಳು ತುದಿಯೊಂದು ತಗಡಿಗೆ ತಾಗಿ ಸುಟ್ಟಿದೆ — ಕೊನೆಯ ಸುತ್ತನ್ನು ಹಲ್ಲಿನಿಂದ ಕಚ್ಚಿ ಹರಿಯುವವನು ಈ ಗ್ಯಾರೇಜಿನಲ್ಲಿ ಅಣ್ಣನೊಬ್ಬನೇ, ಹಲ್ಲಿನ ಗುರುತು ಹಾಗೇ ಇದೆ — ಅದಕ್ಕೇ ಹೊಸ ಫ್ಯೂಸ್ ಹಾಕಿದಂತೆಲ್ಲ ಸುಡುತ್ತಿತ್ತು, ಅದಕ್ಕೇ ನಾಲ್ಕೂ ಗಾಜು ಸತ್ತು ಕೂತಿವೆ, ಒಬ್ಬಳ ಗಾಳಿ ಕಟ್ಟಲು ಹೋಗಿ ಮನೆಮಂದಿಯ ಗಾಳಿಯೆಲ್ಲ ಕಟ್ಟಿತು, ಒಳ್ಳೆಯದೇ ಆಯಿತು. ಆದರೆ ಈ ವಾಸನೆ, ಹಲಗೆಯ ಕೆಳಸಂದಿಯಲ್ಲಿ ಒಣಗಿದ ವಾಂತಿ, ಹಳದಿ ಹಕ್ಕಳೆ, ಅದರ ಮೇಲೆ ಯಾರೋ ಸುರಿದ ಅತ್ತರು, ಹುಳಿಯೂ ಹೂವೂ ಕಲೆತು ಗಂಟಲಿಗೆ ಬರುತ್ತಿದೆ, ಯಜಮಾನನ ಮೈಯಿಂದಲೂ ಅದೇ ಅತ್ತರು, ಫ್ಯಾನಿನ ಕೆಳಗೆ ಕಾಲಮೇಲೆ ಕಾಲು ಹಾಕಿ ಕೂತಿದ್ದಾನೆ, ನನ್ನೊಡನೆ ಮಾತಿಲ್ಲ, ಅಣ್ಣನಿಗೆ ಹೇಳುತ್ತಾನೆ, ಅದು ಆಯಾ ಕೂರೋ ಕಡೆ ಕಣ್ರೀ, ದಾರಿಯುದ್ದಕ್ಕೂ ಗಾಜು ಇಳಿಸೋದು, ಧೂಳು, ಎಸಿ ದಂಡ, ವಾಂತಿ ಬರತ್ತಂತೆ, ನಮ್ಗ್ಯಾರಿಗೂ ಬರದಿರೋ ವಾಂತಿ ಅವಳಿಗೊಬ್ಬಳಿಗೇ ಯಾಕೆ ಬರತ್ತೆ ಹೇಳಿ, ಎಲ್ಲಾ ಅಭ್ಯಾಸ ಆಗ್ಬೇಕು ಅಷ್ಟೆ, ನೀವು ಉಳಿದ ಮೂರು ಸರಿ ಮಾಡ್ಸಿ ಸಾಕು. ಅಣ್ಣ ಹಲ್ಲು ಕಿರಿದ, ಹೌದು ಸರ್, ಎಲ್ಲಾ ಅಭ್ಯಾಸ ಸರ್. ಎಂಜಲು ತಾಗಿದ ಟೇಪನ್ನು ಉಗುರಿನಿಂದ ಬಿಡಿಸುತ್ತಿದ್ದೇನೆ, ಬೆರಳಿಗೆ ಅಂಟುತ್ತದೆ, ಪ್ಯಾಂಟಿಗೆ ಒರೆಸಿದರೂ ಹೋಗದು.

ಆ ಆಯಾ ಹಳೆ ಟೈರುಗಳ ಪಕ್ಕ ನಿಂತಿದ್ದಾಳೆ, ಯಜಮಾನನ ಮಗು ಅವಳ ಹೆಗಲ ಮೇಲೆ ನಿದ್ದೆ ಹೋಗಿದೆ, ಕೂರು ಎಂದವರಿಲ್ಲ. ವಾಂತಿ ಬಂದ್ರೆ ಏನ್ಮಾಡ್ತೀಯಕ್ಕಾ, ಮೆಲ್ಲಗೆ ಕೇಳಿದೆ. ಕವರ್ ಇದ್ರೆ ಕವರಿಗೆ, ಇಲ್ಲಾಂದ್ರೆ ನುಂಗ್ತೀನಿ, ಮಗು ಮೇಲೆ ಬೀಳಬಾರದಲ್ಲ, ಎಂದಳು, ಮಗುವಿನ ತಲೆಯನ್ನು ಹೆಗಲಿಗೆ ಸರಿಮಾಡಿಕೊಂಡು, ಎರಡನೇ ಸಲ ರುಚಿ ಅಷ್ಟಿರಲ್ಲ ಕಣವ್ವ, ಎಂದು ನಕ್ಕಳು. ನನ್ನ ಬಾಯಲ್ಲಿ ನೀರೂರಿತು, ಕೆಟ್ಟ ನೀರು, ಉಗುಳಬೇಕು, ಉಗುಳಲು ನನಗೆ ಅಂಗಳವಿದೆ. ಗಾಜಿನ ಮೇಲ್ತುದಿಯಲ್ಲಿ, ರಬ್ಬರು ಸವೆದು ಕೂದಲೆಳೆಯಷ್ಟು ಸಂದಿ ಬಿಟ್ಟಲ್ಲಿ, ಬಾಯಿಯಷ್ಟಗಲದ ಮಬ್ಬು ಕಲೆ, ಇಲ್ಲಿ ಬಾಯಿ ಇಟ್ಟು ಗಾಳಿ ಹೀರಿದ್ದಾಳೆ — ಅಮ್ಮನಿಗೂ ಬಸ್ಸು ಹತ್ತಿದರೆ ಆಗುತ್ತಿರಲಿಲ್ಲ, ನಾನಾಗ ಅಣ್ಣನ ಸೊಂಟದೆತ್ತರ, ಅವನು ಕಿಟಕಿ ಪಕ್ಕದ ಸೀಟಿಗೆ ಊರೆಲ್ಲರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ, ಏಳ್ರೀ, ನಮ್ಮಮ್ಮ ಕೂರ್ಬೇಕು, ಏಳಲ್ವಾ, ಹಾಗಾದ್ರೆ ನಿಮ್ಮ ಮೇಲೇ ಮಾಡ್ತಾರೆ, ಅಮ್ಮನ ತಲೆ ಹೊರಗೆ, ಅವನ ಕೈ ಅಮ್ಮನ ಬೆನ್ನು ನೀವುತ್ತಿದೆ, ಅದೇ ಕೈ, ಅದೇ ಕೈಯಲ್ಲಿ ಈಗ ಯಜಮಾನನಿಗೆ ಕಾಫಿ ಲೋಟ ನೀಡುತ್ತಿದ್ದಾನೆ. ಬ್ಯಾಟರಿಯಿಂದ ಮೋಟರಿಗೆ ನೇರ ಕರೆಂಟು ಕೊಟ್ಟೆ, ಗಾಜು ಗುಂಯ್ ಎಂದು ಅಲುಗಿತು, ಮೋಟರಿಗೆ ಏನೂ ಆಗಿಲ್ಲ, ಸ್ವಿಚ್ಚಿಗೆ ಏನೂ ಆಗಿಲ್ಲ, ಕೆಟ್ಟದ್ದು ಯಾವುದೂ ಇಲ್ಲ, ಕೆಡಿಸಿದ್ದು ಇದೆ. ತಂತಿ ಸುಲಿದೆ, ಹೊಸೆದೆ, ಬೆಸುಗೆ ಹಾಕಿದೆ, ಹೊಸ ಫ್ಯೂಸ್ ಕೂರಿಸಿ ಸ್ವಿಚ್ ಒತ್ತಿದೆ, ಗಾಜು ಇಳಿಯಿತು, ಬಾಯಿಯ ಕಲೆಯೂ ಅದರ ಜೊತೆ ಬಾಗಿಲೊಳಗೆ ಇಳಿದುಹೋಯಿತು.

ಅದ್ಯಾಕೆ ಸರಿ ಮಾಡಿದ್ರಿ, ಯಜಮಾನ ಎದ್ದ. ಅಣ್ಣ ಓಡಿ ಬಂದ, ಏನಮ್ಮಾ ತಂಗಿ ನಿಂದು, ಮೂರು ಅಂದ್ರೆ ಮೂರು, ಅವರ ಕಾರು, ಅವರ ಕಿಟಕಿ, ನಮಗ್ಯಾಕೆ ಊರ ಉಸಾಬರಿ, ಕತ್ತರಿಸು. ಅಮ್ಮನ್ನ ಒಂದ್ಮಾತು ಕೇಳ್ಬಿಟ್ಟು ಕತ್ತರಿಸ್ಲಾ ಅಣ್ಣಾ, ಎಂದೆ. ಅವನ ಕಿವಿ ಕೆಂಪಾಯಿತು, ನನ್ನತ್ತ ನೋಡಲಿಲ್ಲ, ಕಟರ್ ನನ್ನ ಕೈಯಲ್ಲೇ ಇತ್ತು, ನಾನು ಕೊಡಲಿಲ್ಲ, ಇನ್ನೊಂದು ತಂದು ತಾನೇ ಬಗ್ಗಿದ, ತಂತಿ ಕಟ್ ಎಂದಿತು, ಎರಡು ತುದಿಗೂ ಬೇರೆ ಬೇರೆ ಟೇಪು ಸುತ್ತಿದ, ಈ ಸಲ ಹಲ್ಲು ಹಾಕಲಿಲ್ಲ, ಕತ್ತರಿಯಿಂದ ನೀಟಾಗಿ ಕತ್ತರಿಸಿದ, ತಪ್ಪು ತಿದ್ದಿಕೊಂಡ, ಟೇಪು ಸುತ್ತಿದ ತಪ್ಪು ಮಾತ್ರ. ಬ್ಯಾಟರಿಯಿಂದ ಮೋಟರಿಗೆ ಕರೆಂಟು ಕೊಟ್ಟು ಗಾಜು ಮೇಲೇರಿಸಿ ಹಲಗೆ ಬಡಿದು ಕೂರಿಸಿದ, ಹಕ್ಕಳೆ ಉದುರಿ ಅವನ ಚಪ್ಪಲಿಯ ಮೇಲೆ ಬಿತ್ತು, ಒರೆಸಿಕೊಳ್ಳಲೂ ಇಲ್ಲ.

ಕಾರು ಹತ್ತು, ಹೊತ್ತಾಯ್ತು, ಯಜಮಾನ ಹಿಂದಿನ ಬಾಗಿಲು ತೆರೆದ, ಅತ್ತರು ಹುಳಿ ಬಿಸಿ ಮೂರೂ ಒಟ್ಟಿಗೆ ಹೊರಗೆ ಬಂದವು. ಆಯಾ ಬಂದಳು, ಆ ಬಾಗಿಲು ದಾಟಿ ಮುಂದಿನ ಬಾಗಿಲ ಬಳಿ ನಿಂತಳು, ಈ ಗಾಜು ಇಳಿಯತ್ತಾ ಎಂದು ನನ್ನನ್ನು ಕೇಳಿದಳು, ಇಳಿಯತ್ತಕ್ಕಾ ಎಂದೆ, ಹಾಗಾದ್ರೆ ಇಲ್ಲಿ ಕೂರ್ತೀನಿ. ಏ, ಅದು ಮೇಡಂ ಕೂರೋ ಜಾಗ, ಹಿಂದೆ ಹೋಗು. ಮೇಡಂ ಇವತ್ತು ಬಂದಿಲ್ವಲ್ಲ ಸರ್. ಹಿಂದೆ ಹೋಗು ಅಂದ್ನಲ್ಲ. ಅವಳು ದನಿ ಏರಿಸಲಿಲ್ಲ, ಮಗು ಎದ್ದೀತೆಂದು, ಹಿಂದೆ ಕೂರಲ್ಲ ಸರ್, ಇವನ್ನ ನೀವು ಎತ್ಕೊಳ್ಳಿ, ನಾನು ನಡ್ಕೊಂಡು ಬರ್ತೀನಿ. ನಿದ್ದೆಯ ಮಗುವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು, ಅದರ ಬಾಯಿಂದ ಜೊಲ್ಲಿನ ಎಳೆ ಇಳಿಯುತ್ತಿದೆ, ಅವನು ತನ್ನ ಅಂಗಿ ನೋಡಿಕೊಂಡ, ಕೈ ಚಾಚಲಿಲ್ಲ, ನಡುವೆ ಮಗು, ಅವಳ ಚಾಚಿದ ಎರಡು ಕೈ, ಹತ್ತು ಎಂದ ಯಜಮಾನ ಮತ್ತೆ, ಅವಳು ಹತ್ತಲಿಲ್ಲ.