ಮಸ್ಕಿಯಲ್ಲಿ ಕಚ್ಚಿಕೊಂಡ ಚಕ್ರ

ಭಾನುವಾರ ಬೆಳಿಗ್ಗೆ ಸಿಂಧನೂರಿನಿಂದ ಹೊರಟ ವೀರೇಶನ ಕಾರು ಮಸ್ಕಿಯಲ್ಲಿ ಪಂಕ್ಚರಾಯಿತು. ಲಿಂಗಸುಗೂರಿನ ಶಾಲೆಗೆ ವರ್ಗವಾಗಿ ಹೋದ ಹೆಂಡತಿ ಸುರೇಖಾಳನ್ನು ನೋಡಿ ಮೂರು ವಾರವಾಗಿತ್ತು. ಹೋದ ಭಾನುವಾರವೂ ಹೊರಟಿದ್ದ. ಆದರೆ ಬ್ರೇಕ್ ನೋಡಿಸಲು ನಿಂತ ಗ್ಯಾರೇಜಿನಲ್ಲಿ, ಒಳ್ಳೆಯ ಸಾಮಾನು ತೆಗೆದು ಹಳೆಯದು ಹಾಕಿಬಿಟ್ಟಾರೆಂಬ ಭಯಕ್ಕೆ ಕಾವಲು ಕೂತು ದಿನವಿಡೀ ಕಳೆದಿದ್ದ.

ಈಗ ಬಸ್ ನಿಲ್ದಾಣದ ಪಕ್ಕದ ಗ್ಯಾರೇಜಿನಲ್ಲಿ ನಟ್ಟುಗಳನ್ನೆಲ್ಲ ಬಿಚ್ಚಿದರೂ ಚಕ್ರ ಅಲುಗಾಡಲಿಲ್ಲ.

"ಗದ್ದಿ ಕೆಸರಿನ್ಯಾಗ ಓಡಿಸೀರಿ, ತುಕ್ಕು ಹಿಡದೈತ್ರಿ," ಎಂದ ಮೆಕ್ಯಾನಿಕ್ ಬೀರಲಿಂಗ. "ಎಣ್ಣಿ ಬಿಟ್ಟೀನಿ, ಎರಡು ತಾಸು ನೆನೀಲಿ. ಆಮ್ಯಾಲ ಹಿಂದಿನಿಂದ ಬಡದು ತೆಗೀತೀನಿ."

"ಬಡದ್ರ ಒಡೆಯೂದಿಲ್ಲೇನು?"

"ಕಟಗಿ ಇಟ್ಟು ಬಡೀತೀನ್ರಿ. ನೀವು ಹಿಂಗ ನೋಡಿದ್ರ ನನ್ನ ಕೈಗೂ ತುಕ್ಕು ಹಿಡೀತೈತಿ!"

ವೀರೇಶ ಸುರೇಖಾಳಿಗೆ ಫೋನ್ ಮಾಡಿ ವಿಷಯ ಹೇಳಿದ.

"ಇವತ್ತೂ ಗಾಡಿ ಕಾಯಾಕ ಕುಂತೀರೇನು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಚುಚ್ಚಿತು. "ನಿಮಗೂ ಸೇರಿಸಿ ಅನ್ನಕ್ಕಿಡ್ಲೋ, ಬ್ಯಾಡೋ?"

ಅಷ್ಟರಲ್ಲಿ ಲಿಂಗಸುಗೂರು ಬಸ್ಸು ಬಂದು ನಿಂತಿತು. ವೀರೇಶ ಕೀಲಿಯನ್ನು ಬೀರಲಿಂಗನ ಕೈಗಿಟ್ಟು ಓಡಿದ. ಸೀಟಿನಲ್ಲಿ ಕೂತರೂ ಕಾರಿನ ಚಿಂತೆ ಬಿಟ್ಟಿರಲಿಲ್ಲ. ಆದರೂ ಇನ್ನೂ ಕಟ್ ಮಾಡಿರದ ಫೋನಿನಲ್ಲಿ ಹೇಳಿದ:

"ಇಡು, ಬಸ್ ಹತ್ತೀನಿ."