ಯಾರು ಅಳೆದದ್ದು?

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ತಿದ್ದಿಕೊಟ್ಟ ನಿಧನವಾರ್ತೆಯೊಂದು, ದುಃಖದ ಆಳ ಸಾರುವ 'ಡೀಪ್ಲಿ ಸ್ಯಾಡ್' ಎಂಬಲ್ಲಿ 'ಯಾರು ಅಳೆದದ್ದು?' ಎಂಬ ಪೆನ್ಸಿಲ್ ಬರಹ ಹೊತ್ತು ಮರಳಿತು. ನಾನು ಸ್ಕೇಲು ಹಿಡಿದು ಆ ವಾರ್ತೆಯ ಚೌಕವನ್ನು ಅಳೆದು, "ಆರು ಸೆಂಟಿಮೀಟರು, ಮಿಸೆಸ್ ಥ್ರೆಲ್ಕೆಲ್ಡ್" ಎಂದು ವಿನಯದಿಂದ ವರದಿ ಒಪ್ಪಿಸಿದೆ.

"ನಾನು ಕೇಳಿದ್ದು ದುಃಖದ ಆಳ ಮರಿ, ಚೌಕದ ಎತ್ತರ ಅಲ್ಲ."

ಉತ್ತರ ಇಂಗ್ಲೆಂಡಿನ ನಮ್ಮ ಪುಟ್ಟ ವಾರಪತ್ರಿಕೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಸಾವಿನ ಪುಟ ಅವರದೇ. ಓರೆ ಅಕ್ಷರದಂತೆ ಒಂದು ಪಕ್ಕಕ್ಕೆ ವಾಲಿ ನಡೆಯುವ ಹೆಸ್ಟರ್ ಥ್ರೆಲ್ಕೆಲ್ಡ್, ಹೀಟರಿನೆದುರೂ ಕಳಚದ ಕಂದು ಕೋಟಿನ ಜೇಬಿನಲ್ಲಿ ತಮ್ಮದೇ ಟೀ ಚೀಲಗಳನ್ನಿಟ್ಟುಕೊಂಡು, ಕಚೇರಿಯ ಟೀ ಡಬ್ಬಿಯನ್ನೂ ಲೋಕದ ಸಮಸ್ತ ವಿಶೇಷಣಗಳನ್ನೂ ಸಮಾನ ಸಂಶಯದಿಂದ ಕಾಣುತ್ತಿದ್ದರು. ಹಸಿರಿಗೆ ಹಚ್ಚ, ಬಯಲಿಗೆ ಬಟ್ಟ ಎಂಬಂತೆ ಇಂಗ್ಲಿಷಿನಲ್ಲೂ ಗುಣಕ್ಕೊಂದು ಒತ್ತುಪದ ಹುಟ್ಟಿನಿಂದಲೇ ನಿಶ್ಚಯ: ಚಳಿಗೆ 'ಬಿಟರ್ಲಿ', ಸರ್ವನಾಶಕ್ಕೆ 'ಅಟರ್ಲಿ'. ನಾನೊಮ್ಮೆ ಆರೋಗ್ಯದ 'ಹೆಲ್ದಿ'ಗೆ, ಕೇಡಿನ ಜೊತೆಗೇ ಓಡಾಡುವ 'ಅಟರ್ಲಿ' ಅಂಟಿಸಿದಾಗ, "ಒಳ್ಳೇ ಮನೆ ಹುಡುಗಿ ಪಕ್ಕ ಆ ಪೋಲೀನ ಯಾಕೋ ಕೂರಿಸಿದೆ?" ಎಂದಿದ್ದರು.

ನಿಶ್ಚಯವಾದ ಜೋಡಿಗಳ ಮೇಲೆ ಅವರ ಗುಮಾನಿ ಇನ್ನೂ ಹೆಚ್ಚು. 'ಹ್ಯಾಪಿಲಿ ಮ್ಯಾರೀಡ್' ಕಂಡರೆ ಸಾಕು, "ಮದುವೆ ಹೋದಲ್ಲೆಲ್ಲ ಈ ಸುಖ ಯಾಕೆ ಹಿಂದೇನೇ ಹೋಗುತ್ತೆ? ಕಾವಲಿಗಾ?" ಎಂದು ಗೊಣಗಿ, ಆದರೂ ಊರವರ ಮುಖ ನೋಡಿ ದಾಟಿಸುತ್ತಿದ್ದರು.

ಈ ಮಾರ್ಚಿನಲ್ಲಿ ಅವರ ಗಂಡ, ಗಡಿಯಾರ ರಿಪೇರಿಯ ಎಡ್ವಿನ್, ತೀರಿಕೊಂಡರು. ಐದನೇ ದಿನ ಮಿಸೆಸ್ ಥ್ರೆಲ್ಕೆಲ್ಡ್ ಅದೇ ಕೋಟಿನಲ್ಲಿ ಬಂದು, ಗಂಡನ ನಿಧನವಾರ್ತೆಗೆಂದು ನನ್ನ ಮೇಜಿನ ಮೇಲೊಂದು ಚೀಟಿ ಇಟ್ಟರು: 'ನಲವತ್ತೊಂದು ವರ್ಷ ಹೆಸ್ಟರಳ ಗಂಡ.' ಅಷ್ಟೇ. ನಮ್ಮೂರಲ್ಲಿ ಸತ್ತವರೆಲ್ಲ 'ಹ್ಯಾಪಿಲಿ ಮ್ಯಾರೀಡ್' ಆಗಿಯೇ ಸಾಯುವುದು ವಾಡಿಕೆ. ಆ ಪದ ಕಾಣದಿದ್ದರೆ ಬೇಕರಿಯ ಸಾಲಿನಲ್ಲೇ ಆ ನಲವತ್ತೊಂದು ವರ್ಷಗಳ ಪಂಚನಾಮೆ ನಡೆದುಹೋಗುತ್ತಿತ್ತು. ಅವರ ಮರ್ಯಾದೆ ಉಳಿಸುವ ಹುಮ್ಮಸ್ಸಿನಲ್ಲಿ ನಾನೇ ಪದ ಸೇರಿಸಿದೆ. ಅಚ್ಚಿಗೆ ಅರ್ಧ ಗಂಟೆ ಇರುವಾಗ ಅವರು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದರು: 'ಯಾರು ಅಳೆದದ್ದು?'

ಮಾತಿನ ಮೇಲೆ ಗುಮಾನಿ ಪಡುವವರನ್ನು ನಾವು ಒಣಜೀವಗಳೆನ್ನುತ್ತೇವೆ. ಆದರೆ ಅಂಥವರೇ ಊರಿನ ಸಾವುಗಳಲ್ಲೆಲ್ಲ ದಾಟಲು ಬಿಟ್ಟ ಸಣ್ಣ ಸುಳ್ಳಿಗೆ, ಅದು ತಮ್ಮ ಹೊಸ್ತಿಲಿಗೆ ಬಂದಾಗ, ಅಡ್ಡ ನಿಲ್ಲುತ್ತಾರೆ. ಇದು ನನಗೆ ಹೊಳೆದದ್ದು ಆಮೇಲೆ. ಆಗ ಕೇಳಬಾರದ್ದನ್ನೇ ಕೇಳಿದೆ: "ನೀವು ಸುಖವಾಗಿರಲಿಲ್ವಾ?"

ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಮುಕ್ಕಾಲು ಪಾಲು ಸುಖವಾಗಿದ್ವಿ. ಮುಕ್ಕಾಲು ಅಂತ ಅಚ್ಚು ಹಾಕಿದ್ರೆ ಊರು ಉಳಿದ ಕಾಲುಪಾಲನ್ನೇ ಓದುತ್ತೆ."